ಪೋಟೋದಲ್ಲಿ ಉಳಿದ ಅವ್ವನ ಕೈ

ನಾವು ಸಣ್ಣವರಿದ್ದ ಕಾಲಕ್ಕೆ ಆದೋನಿಯ ಮನೆಗಳಲ್ಲಿ ಬದುಕಿದ್ದವರ ಪೋಟೋವನ್ನು ಗೋಡೆಗೆ ಹಾಕುತ್ತಿರಲಿಲ್ಲ. ಗೋಡೆ ಏರಿದವರೆಂದರೆ ತೀರಿಹೋದವರೇ. ನಮ್ಮ ಪಡಸಾಲೆಯಲ್ಲಿ ಇದ್ದದ್ದು ಒಂದೇ ಒಂದು ಪೋಟೋ. ನಾನು ಹುಟ್ಟುವುದಕ್ಕೆ ಮುಂಚೆಯೇ ಹೋದ ನಮ್ಮ ಅಜ್ಜನದು. ತಲೆಗೆ ರುಮಾಲು, ಕರಿ ಕೋಟು, ಮೊಣಕಾಲ ಮೇಲೆ ಎರಡೂ ಕೈ. ಅಜ್ಜಿ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದು ಬಂದು, ಆ ಪೋಟೋದ ಗಾಜಿಗೆ ಮೂರು ಬೆರಳಿಂದ ವಿಭೂತಿ ಎಳೆದು, ಒಂದು ಕಣಗಿಲೆ ಹೂವು ಸಿಕ್ಕಿಸಿದ ಮೇಲೆಯೇ ಮನೆಯಲ್ಲಿ ಒಲೆ ಹೊತ್ತುತ್ತಿತ್ತು.

ಈಗ ನನ್ನ ಮೊಮ್ಮಗಳು ಉಣ್ಣುವ ತಟ್ಟೆಯ ಪೋಟೋವನ್ನೂ ತೆಗೆಯುತ್ತಾಳೆ. ತೆಗೆಯಲಿ. ನನ್ನ ಹತ್ತಿರ ನನ್ನ ಅಪ್ಪ ಅವ್ವನವು ಅಂತ ಇರುವುದು ಎರಡೇ ಪೋಟೋ. ಎರಡೂ ಒಂದೇ ವರ್ಷದಲ್ಲಿ, ಒಂದೇ ಅಂಗಡಿಯಲ್ಲಿ ತೆಗೆಸಿದವು. ಒಂದರಲ್ಲಿ ನಾನೂ ಅಪ್ಪನೂ ಇದ್ದೇವೆ. ಇನ್ನೊಂದರಲ್ಲಿ ನಾನೊಬ್ಬಳೇ ಕುರ್ಚಿಯ ಮೇಲೆ ಕೂತಿದ್ದೇನೆ, ಕುರ್ಚಿಯ ಹಿಂದಿನಿಂದ ಬಂದ ಒಂದು ಕೈ ನನ್ನ ತೋಳು ಹಿಡಿದಿದೆ. ಆ ಕೈ ಅವ್ವನದು. ಅದರ ಎರಡು ಬೆರಳು ಅಳಿಸಿಹೋಗಿವೆ. ಅಳಿಸಿದವಳು ನಾನು. ಆ ವರ್ಷ ನಡೆದದ್ದನ್ನು ನಾನು ಯಾರಿಗೂ ಪೂರಾ ಹೇಳಿಲ್ಲ.

ನನಗಾಗ ಆರು ತುಂಬಿ ಏಳು ನಡೆಯುತ್ತಿತ್ತು. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ನಮ್ಮೂರು ಆಗ ಬಳ್ಳಾರಿ ಜಿಲ್ಲೆಯೊಳಗೇ ಇತ್ತು. ದೀಪಾವಳಿ ಮುಗಿಯಿತೆಂದರೆ ಸುತ್ತಲಿನ ಹಳ್ಳಿಗಳಿಂದ ಹತ್ತಿ ತುಂಬಿದ ಬಂಡಿಗಳು ಊರೊಳಗೆ ಬರತೊಡಗುತ್ತಿದ್ದವು. ಬೆಟ್ಟದ ಬುಡದಿಂದ ಸ್ಟೇಷನ್ನಿನ ತನಕ ರಸ್ತೆಯ ಎರಡೂ ಕಡೆಯ ಜಾಲಿಮುಳ್ಳಿಗೆ ಅರಳೆ ಸಿಕ್ಕಿಕೊಂಡು ಗಿಡವೆಲ್ಲ ಬೆಳ್ಳಗೆ ಕಾಣುತ್ತಿತ್ತು. ನಾವು ಹುಡುಗಿಯರು ಅದನ್ನು ಬಿಡಿಸಿ ತಂದು ಗೊಂಬೆಗೆ ಹಾಸಿಗೆ ಮಾಡುತ್ತಿದ್ದೆವು. ಹತ್ತಿಕಾಳಿನ ಎಣ್ಣೆವಾಸನೆ ಊರ ತುಂಬ ಇರುತ್ತಿತ್ತು. ಉಣ್ಣುವ ರೊಟ್ಟಿಗೂ ಅದೇ ವಾಸನೆ ಹತ್ತಿದಂತೆ ಅನ್ನಿಸುತ್ತಿತ್ತು.

ಅಪ್ಪ ವೀರಭದ್ರಪ್ಪನವರು ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನ ಕಾರ್ಖಾನೆಯಲ್ಲಿ, ಬಂದ ಹತ್ತಿಯ ಗುಣ ನೋಡುವ ಕೆಲಸ ಮಾಡುತ್ತಿದ್ದರು. ಬಂಡಿಯೊಳಗೆ ಮೊಣಕೈ ತನಕ ಕೈ ಹಾಕಿ, ಒಂದು ಹಿಡಿ ಅರಳೆ ಎಳೆದು, ಎರಡು ಹೆಬ್ಬೆರಳ ನಡುವೆ ಹಿಂಜಿ ಎಳೆಯ ಉದ್ದ ನೋಡಿ, ಇದು ಚಿಪ್ಪಗಿರಿ ಕಡೆಯ ಕರಿನೆಲದ್ದು, ಇದು ಪತ್ತಿಕೊಂಡದ ಕೆಂಪು ನೆಲದ್ದು ಎಂದು ಹೇಳಿಬಿಡುತ್ತಿದ್ದರು. ಮಾತು ಕಡಿಮೆ. ಮನೆಗೆ ಬಂದಾಗ ಅವರ ಹುಬ್ಬಿನ ಮೇಲೂ ಮೀಸೆಯ ಮೇಲೂ ಬಿಳಿ ಎಳೆ ಕೂತಿರುತ್ತಿತ್ತು. ಅವ್ವ ತಂಬಿಗೆಯಲ್ಲಿ ನೀರು ಕೊಟ್ಟು, ಬಾಯಿ ಬಿಡದೆ, ತನ್ನ ಹುಬ್ಬು ಮುಟ್ಟಿಕೊಂಡು ತೋರಿಸುತ್ತಿದ್ದಳು. ಅಪ್ಪ ಒರೆಸಿಕೊಳ್ಳುತ್ತಿದ್ದರು. ಅಜ್ಜಿಯ ಎದುರಿಗೆ ಗಂಡ ಹೆಂಡತಿ ಅದಕ್ಕಿಂತ ಹೆಚ್ಚು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಅವ್ವನ ಹೆಸರು ನೀಲಮ್ಮ. ಚಿಪ್ಪಗಿರಿಯ ಒಕ್ಕಲು ಮನೆಯಿಂದ ಬಂದವಳು. ಹೊಲದಲ್ಲಿ ಬೆಳೆದವಳಾದ್ದರಿಂದ ಪೇಟೆಯ ಸೊಸೆಯಂದಿರಂತೆ ಮೆಲ್ಲಗೆ ನಡೆಯಲು ಅವಳಿಗೆ ಬರುತ್ತಿರಲಿಲ್ಲ. ಬಾವಿಗೆ ಹೋದರೂ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತಿದ್ದಳು, ನಾನು ಹಿಂದೆ ಓಡಬೇಕಿತ್ತು. ರೊಟ್ಟಿ ಬಡಿಯುವಾಗ ಅವಳ ಬಳೆಗಳು ಒಂದೇ ಸಮನೆ ಸದ್ದು ಮಾಡುತ್ತಿದ್ದವು. ಕೊನೆಯ ರೊಟ್ಟಿಯನ್ನು ಅಂಗೈ ಅಗಲಕ್ಕೆ ಸಣ್ಣದಾಗಿ ತಟ್ಟಿ, ಪುಂಡಿಪಲ್ಯ ಸುತ್ತಿ ನನಗೆ ಕೊಡುತ್ತಿದ್ದಳು. ಹುಳಿಗೆ ನಾನು ಮುಖ ಕಿವಿಚಿದರೆ ಅವಳಿಗೆ ನಗು.

ಆ ಚಳಿಗಾಲದಲ್ಲಿ ಅವ್ವನ ಗೆಳತಿಯೊಬ್ಬಳು ತನ್ನ ಗಂಡನ ಜೊತೆ ಕೂತು ತೆಗೆಸಿದ ಪೋಟೋ ತೋರಿಸಲು ಬಂದಳು. ಬೆಳ್ಳಗಿನ ರಟ್ಟಿಗೆ ಅಂಟಿಸಿದ ಪೋಟೋ. ಅವಳ ಕೊರಳ ಸರದ ಒಂದೊಂದು ಗುಂಡೂ ಕಾಣುತ್ತಿತ್ತು. ಅವ್ವ ಅದನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಸೆರಗಿನಿಂದ ಕೈ ಒರೆಸಿಕೊಂಡಳು. ನೋಡಿದಳು, ನೋಡಿದಳು, ಗೆಳತಿ ಸಾಕಾಗಿ ಎದ್ದು ನಿಂತ ಮೇಲೆ ಕೊಟ್ಟಳು.

ಎರಡು ದಿನ ಬಿಟ್ಟು, ಮಧ್ಯಾಹ್ನ ಅಪ್ಪ ಉಣ್ಣುತ್ತಿದ್ದಾಗ, ಬಡಿಸುತ್ತ ಬಡಿಸುತ್ತ ಕೇಳಿಯೇಬಿಟ್ಟಳು.

“ನಾವೂ ಒಂದು ಪೋಟೋ ತೆಗೆಸೋಣೇನ್ರಿ? ನೀವು, ನಾನು, ಗಂಗಾ. ಒಂದೇ ಒಂದು.”

ಅಪ್ಪ ತುತ್ತು ಇಳಿಸಿದರು. “ನಮ್ಮವ್ವ ಒಪ್ಪಾಂಗಿಲ್ಲ.”

ಒಳಗಿನಿಂದ ಅಜ್ಜಿ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ಬಾಗಿಲಿಗೆ ಆತು ನಿಂತಳು. ಜಗಳದ ದನಿಯಲ್ಲಿ ಅಲ್ಲ, ಬೇಡಿಕೊಳ್ಳುವ ದನಿಯಲ್ಲಿ ಹೇಳಿದಳು. “ನೀಲಾ, ಬ್ಯಾಡವ್ವ. ನಿಮ್ಮ ಮಾವ ಚೆಂದಾಗಿದ್ರು. ಆ ಪೋಟೋ ತೆಗೆಸಿಕೊಂಡು ಬಂದ ಮ್ಯಾಲ ಮೂರು ತಿಂಗಳು ತಡೀಲಿಲ್ಲ. ಅದು ಆಯುಷ್ಯ ಹೀರ್ತೈತಿ. ಈ ಮನ್ಯಾಗ ಆ ಮಾತು ಎತ್ತಬ್ಯಾಡ.”

ಅಪ್ಪ ತಲೆ ಎತ್ತಲಿಲ್ಲ. ಮಜ್ಜಿಗೆ ಅನ್ನ ಉಣ್ಣದೆ ಕೈ ತೊಳೆದರು.

ಯುಗಾದಿಗೆ ಮುಂಚೆ ಅಜ್ಜಿ ಓಣಿಯ ಹಿರಿಯರ ಜೊತೆ ಶ್ರೀಶೈಲಕ್ಕೆ ನಡೆದುಕೊಂಡು ಹೊರಟಳು. ಹೋಗಿ ಬರಲು ಇಪ್ಪತ್ತು ದಿನಕ್ಕೆ ಕಡಿಮೆ ಇಲ್ಲ. ಅವಳು ಹೋದ ಮೇಲೆ ಮನೆ ಬೇರೆಯೇ ಆಯಿತು. ಅವ್ವ ಪಡಸಾಲೆಯಲ್ಲಿ ನನ್ನ ಜೊತೆ ಕೂತು ಕವಡೆ ಆಡಿದಳು. ಅಪ್ಪ ಅವಳ ಹೆಸರು ಹಿಡಿದು ಕರೆದದ್ದನ್ನು ನಾನು ಮೊದಲ ಸಲ ಕೇಳಿದೆ. ಮತ್ತೆ ಪೋಟೋದ ಮಾತು ಬಂತು. ಈ ಸಲ ಅಪ್ಪ “ಆತು” ಅಂದರು. “ಗುರುವಾರ. ಜಿನ್ನಿನ ಹನ್ನೆರಡರ ಕೂಗು ಆದ ಕೂಡ್ಲೆ ಅಲ್ಲಿಗೇ ಬರ್ತೀನಿ. ನೀವಿಬ್ಬರೂ ಮುಂದ ಹೋಗಿರ್ರಿ.”

ಆ ಗುರುವಾರ ಅವ್ವ ಬೆಳಗಿನ ಕೆಲಸವನ್ನೆಲ್ಲ ಬಿಸಿಲೇರುವ ಮುಂಚೆಯೇ ಮುಗಿಸಿದಳು. ಸೀಗೆಕಾಯಿ ಹಾಕಿ ನನ್ನ ತಲೆ ತೊಳೆದಳು. ಕಣ್ಣು ಉರಿದು ನಾನು ಅತ್ತೆ. ಅವಳು ಮದುವೆಯ ಹಸಿರು ಸೀರೆ ಉಟ್ಟಳು, ಮೂಗುತಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯುವಂತೆ ಮಾಡಿದಳು, ಎರಡೂ ಕೈಗೆ ಹೊಸ ಹಸಿರು ಬಳೆ ಏರಿಸಿದಳು. ಮನೆಯಿಂದ ಹೊರಬಿದ್ದಾಗ ಎದುರು ಮನೆಯ ತೆಲುಗಿನ ಮುದುಕಿ ಕಟ್ಟೆಯ ಮೇಲಿನಿಂದ ಕೂಗಿ ಕೇಳಿದಳು, “ಏಮಮ್ಮಾ ನೀಲಮ್ಮಾ, ಎಕ್ಕಡಿಕಿ?” ಎಲ್ಲಿಗೆ ಎಂಬುದಕ್ಕೆ ಅವ್ವ ಉತ್ತರ ಹೇಳದೆ ನಕ್ಕು ದೊಡ್ಡ ಹೆಜ್ಜೆ ಹಾಕಿದಳು.

ಪೋಟೋ ಅಂಗಡಿ ಸ್ಟೇಷನ್ ರಸ್ತೆಯಲ್ಲಿತ್ತು. ನಡೆಸುತ್ತಿದ್ದವರು ಒಬ್ಬ ವಯಸ್ಸಾದ ಸಾಹೇಬರು. ಗಡ್ಡಕ್ಕೆ ಮೆಹಂದಿ, ಕೈಬೆರಳಿಗೆ ಔಷಧದ ಕಂದು ಕಲೆ. ಚಾವಣಿಯ ಒಂದು ಪಾಲು ಗಾಜಿನದು, ಬೆಳಕು ಅಲ್ಲಿಂದಲೇ ಇಳಿಯಬೇಕು. ಹಿಂದುಗಡೆ ಬಟ್ಟೆಯ ಮೇಲೆ ಬರೆದ ಅರಮನೆಯ ಮೆಟ್ಟಿಲು, ಒಂದು ಕೊಳ. ಆ ಕೊಳ ನೋಡಿ ನಾನು ನಿಜವಾದ ನೀರೆಂದು ಮುಟ್ಟಲು ಹೋಗಿದ್ದೆ.

ಜಿನ್ನಿನ ಸೈರನ್ನು ಹನ್ನೆರಡಕ್ಕೆ ಕೂಗಿತು. ಅವ್ವ ಬಾಗಿಲಿಗೆ ಹೋಗಿ ನಿಂತಳು. ರಸ್ತೆಯಲ್ಲಿ ಬಂಡಿಗಳು ಹೋದವು, ಜಟಕಾ ಹೋಯಿತು, ಜಿನ್ನಿನ ಕೂಲಿಯವರು ಗುಂಪು ಗುಂಪಾಗಿ ಬುತ್ತಿ ಹಿಡಿದು ಹೋದರು. ಅಪ್ಪ ಬರಲಿಲ್ಲ. ಅವಳು ಒಳಗೆ ಬಂದು ಕೂತಳು, ಮತ್ತೆ ಎದ್ದು ಹೋದಳು. ಮುಡಿದ ಹೂವು ಬಾಡತೊಡಗಿತು. ಹೊತ್ತು ಇಳಿಯತೊಡಗಿತು, ನನಗೆ ಹಸಿವು. ಸಾಹೇಬರು ಎರಡು ಸಲ ಗಾಜಿನ ಚಾವಣಿ ನೋಡಿ, ಮೂರನೆಯ ಸಲ ಹೇಳಿದರು. “ಬೆಳಕು ಹೋಗ್ತದಮ್ಮ. ಇನ್ನ ಅರ್ಧ ಗಂಟಿ ಆದ್ರ ನನ್ನ ಕೈಲಿ ಆಗಂಗಿಲ್ಲ. ನೀವು, ಮಗು ಕೂತ್ಕೊಳ್ರಿ, ತೆಗೀತೀನಿ.”

“ಅವರಿಲ್ದ ನಾನು ಕೂಡಾಂಗಿಲ್ರಿ,” ಅಂದಳು ಅವ್ವ. “ಮಗಳದು ಒಂದು ತೆಗೀರಿ. ನಾವಿಬ್ಬರೂ ಇನ್ನೊಮ್ಮಿ ಬರ್ತೀವಿ.”

ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ಸಾಹೇಬರು ಕರಿ ಬಟ್ಟೆ ಮುಸುಕು ಹಾಕಿಕೊಂಡು ಮೂರು ಕಾಲಿನ ಪೆಟ್ಟಿಗೆಯ ಹಿಂದೆ ಬಗ್ಗಿದ ಕೂಡಲೇ ನನಗೆ ಜೀವ ಹಾರಿತು. ತಲೆಯಿಲ್ಲದ ಮನುಷ್ಯನ ಹಾಗೆ ಕಂಡರು. ಕಿರುಚಿ ಇಳಿದುಬಿಟ್ಟೆ. ಮತ್ತೆ ಕೂರಿಸಿದರು, ಮತ್ತೆ ಇಳಿದೆ. “ಹಿಲೋ ನಕ್ಕೊ ಬೇಟಿ, ಅಲುಗಬ್ಯಾಡ ತಾಯಿ,” ಎಂದು ಅವರು ಬೇಡಿಕೊಂಡರು. ಕೊನೆಗೆ ಅವ್ವ ಕುರ್ಚಿಯ ಹಿಂದೆ, ಅದರ ಬೆನ್ನಿನ ಮರೆಗೆ, ಕುಕ್ಕರಗಾಲಲ್ಲಿ ಕೂತು ನನ್ನ ತೋಳು ಹಿಡಿದಳು. “ನಾನು ಇಲ್ಲೇ ಅದೀನಿ. ಹಿಡದೀನಿ ನೋಡು. ಬಿಡಾಂಗಿಲ್ಲ.” ಅವಳ ಅಂಗೈ ಬೆವೆತಿತ್ತು. ನಾನು ಸುಮ್ಮನಾದೆ. ಸಾಹೇಬರು ಪೆಟ್ಟಿಗೆಯ ಕಣ್ಣಿನ ಮುಚ್ಚಳ ತೆಗೆದು, ಎಣಿಸಿ, ಹಾಕಿದರು.

ಸಂಜೆ ಅಪ್ಪ ಬಂದವರು, “ಬಂಡಿ ಭಾಳ ಬಂದವು, ಬಿಡಾಕ ಆಗಲಿಲ್ಲ,” ಅಂದರು. ಅವ್ವ ತಂಬಿಗೆ ತಂದಳು. ನೀರು ಕೊಟ್ಟಳು. ಹುಬ್ಬು ಮುಟ್ಟಿ ತೋರಿಸಲಿಲ್ಲ. ಅವತ್ತು ಅಪ್ಪನ ಮುಖದ ಮೇಲೆ ಅರಳೆ ಇತ್ತೋ ಇಲ್ಲವೋ ನನಗೆ ನೆನಪಿಲ್ಲ.

ಎಂಟು ದಿನಕ್ಕೆ ಪೋಟೋ ಬಂತು. ಅಳುಮುಖದ ನಾನು, ನನ್ನ ತೋಳಿನ ಮೇಲೆ ಬಳೆ ತುಂಬಿದ ಒಂದು ಕೈ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯ, ನೋಡ ನನ್ನ ಕೈ, ಎಷ್ಟು ಕರ್ರಗ ಬಂದೈತಿ! ಕದ್ದು ಬಂದು ಕೂತಂಗೈತಿ.” ಅಜ್ಜಿಗೆ ಕಾಣಬಾರದೆಂದು ಅದನ್ನು ತನ್ನ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗಿಟ್ಟಳು.

ಅಜ್ಜಿ ಯಾತ್ರೆ ಮುಗಿಸಿ ಬಂದಳು. ಬಿಸಿಲು ಏರಿತು. ಆದೋನಿಯ ಬೇಸಿಗೆಯೆಂದರೆ ಬೆಟ್ಟದ ಬಂಡೆಗಳು ದಿನವೆಲ್ಲ ಕಾಯ್ದು, ಹೊತ್ತು ಮುಳುಗಿದ ಮೇಲೂ ಊರ ಕಡೆಗೆ ಸೆಖೆ ಊದುತ್ತವೆ. ಆ ಬಿಸಿಲಿನಲ್ಲಿ ಅವ್ವ ಚಳಿಯೆಂದು ಕಂಬಳಿ ಹೊದ್ದಳು. ಮೊದಲು ಬಾವಿಯಿಂದ ಬರುವಾಗ ಕೊಡ ಇಳಿಸಿ ದಾರಿಯಲ್ಲಿ ಕೂತಳು. ಮರುದಿನ ಏಳಲಿಲ್ಲ. ವಿಷಮಜ್ವರ ಅಂದರು. ಡಾಕ್ಟರು ಬಂದರು, ನಾಟಿ ವೈದ್ಯರು ಬಂದರು. ಅಜ್ಜಿ ಹದಿನೆಂಟು ದಿನ ಅವಳ ತಲೆಯ ಹತ್ತಿರದಿಂದ ಏಳಲಿಲ್ಲ. ಒದ್ದೆ ಬಟ್ಟೆ ಹಣೆಗೆ ಹಾಕುವಳು, ತೆಗೆಯುವಳು, ಹಾಕುವಳು. ಹೆತ್ತ ಮಗಳಿಗೆ ಮಾಡುವ ಹಾಗೆ ಮಾಡಿದಳು. ಅದನ್ನು ನಾನು ಹೇಳದಿದ್ದರೆ ತಪ್ಪಾಗುತ್ತದೆ. ನನ್ನನ್ನು ಮಾತ್ರ ಹತ್ತಿರ ಬಿಡುತ್ತಿರಲಿಲ್ಲ. ಬಾಗಿಲ ಸಂದಿನಿಂದ ನೋಡಿದರೆ ಕಂಬಳಿಯ ಹೊರಗೆ ಚಾಚಿದ ಪಾದಗಳು ಮಾತ್ರ ಕಾಣುತ್ತಿದ್ದವು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅವ್ವ ಹೋದಳು.

ಚಿಪ್ಪಗಿರಿಯಿಂದ ಅವಳ ತಮ್ಮ, ಆಗಿನ್ನೂ ಮೀಸೆ ಚಿಗುರಿದ್ದ ನನ್ನ ಸೋದರಮಾವ ಚೆನ್ನಪ್ಪ, ಬಂಡಿ ಹೊಡೆದುಕೊಂಡು ಬಂದ. ಬಂದವನು ಎತ್ತಿನ ಕೊರಳ ಹಗ್ಗ ಬಿಚ್ಚುವುದನ್ನೂ ಮರೆತು ಅಂಗಳದಲ್ಲೇ ಕುಸಿದ. ನಮ್ಮಲ್ಲಿ ಹೋದವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆ ತುಂಬ ವಿಭೂತಿ, ಕೊರಳಿಗೆ ಹೂವು. ಅವ್ವನನ್ನು ಹಾಗೆ ಕೂರಿಸಿದಾಗ ಅಪ್ಪ ಯಾರಿಗೋ ಹೇಳಿದರು, “ಪೋಟೋದ ಸಾಹೇಬರನ್ನ ಕರಕೊಂಡು ಬರ್ರಿ.” ಕರೆಯಲು ಹೋದವರು ಒಬ್ಬರೇ ಮರಳಿ ಬಂದರು. ಅಂಗಡಿಗೆ ಬೀಗ ಹಾಕಿದೆ, ಸಾಹೇಬರು ಒಂದು ಮದುವೆಗೆ ಗುಂತಕಲ್ಲಿಗೆ ಹೋಗಿದ್ದಾರೆ, ನಾಳೆಗೆ ಬರುತ್ತಾರೆ ಅಂದರು. ನಾಳೆಯ ತನಕ ಇಟ್ಟುಕೊಳ್ಳುವ ಹಾಗಿರಲಿಲ್ಲ.

ಅಷ್ಟರಲ್ಲಿ ಹೊದಿಸಲು ಮದುವೆಯ ಸೀರೆ ತೆಗೆಯಬೇಕೆಂದು ಅಜ್ಜಿ ಟ್ರಂಕು ತೆರೆದಳು. ಸೀರೆ ಎಳೆದ ಕೂಡಲೇ ರಟ್ಟಿನ ಪೋಟೋ ಕೆಳಗೆ ಬಿತ್ತು. ಅಜ್ಜಿ ಎತ್ತಿಕೊಂಡು ನೋಡಿದಳು. ಬಳೆಯನ್ನು ಗುರುತಿಸಿದಳು. ನಾನು ಅಲ್ಲೇ ನಿಂತಿದ್ದೆ.

“ಅಯ್ಯೋ ನನ್ನವ್ವಾ,” ಎಂದು ಅವಳು ಎದೆ ಬಡಿದುಕೊಂಡಳು. “ಬ್ಯಾಡ ಅಂದ್ರ ಕೇಳಲಿಲ್ಲಲ್ಲೇ. ಮೊದಲು ಕೈ ಕೊಟ್ಟಿ. ಅದು ಕೈ ಹಿಡಕೊಂಡು ಎಳಕೊಂಡು ಹೋತಲ್ಲೇ ನಿನ್ನ.”

ದುಃಖದಲ್ಲಿ ಅಂದ ಮಾತು. ನನ್ನನ್ನು ನೋಡಿ ಅಂದದ್ದೂ ಅಲ್ಲ. ಆದರೆ ನನ್ನೊಳಗೆ ಅದು ಇಳಿದುಬಿಟ್ಟಿತು. ಅವ್ವ ಪೋಟೋಕ್ಕೆ ಕೂಡುವುದಿಲ್ಲ ಅಂದಿದ್ದಳು. ನಾನು ಅತ್ತದ್ದಕ್ಕೆ ಕೈ ಕೊಟ್ಟಳು. ನಾನು ಸುಮ್ಮನೆ ಕೂತಿದ್ದರೆ ಅವಳ ಕೈ ಅದರೊಳಗೆ ಸಿಗುತ್ತಿರಲಿಲ್ಲ. ಆರು ವರ್ಷದ ಬುದ್ಧಿಗೆ ಇದರಲ್ಲಿ ಎಲ್ಲೂ ತಪ್ಪು ಕಾಣಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಉಣ್ಣುವುದು ಬಿಟ್ಟೆ. ತಾಯಿ ಹೋದ ಕೂಸು, ಹಂಗೇ ಇರುತ್ತದೆ ಎಂದು ಎಲ್ಲರೂ ತಿಳಿದರು. ಓಣಿಯ ಗೆಳತಿಯರು ಕರೆದರೂ ಹೋಗುತ್ತಿರಲಿಲ್ಲ. ಪೋಟೋವನ್ನು ಅಜ್ಜಿ ಎಲ್ಲಿ ಎಸೆದಳೆಂದು ನೋಡಿಟ್ಟುಕೊಂಡು, ಯಾರಿಗೂ ಕಾಣದಂತೆ ಎತ್ತಿ, ಜೋಳದ ಗುಡಾಣದ ಹಿಂದೆ ಬಚ್ಚಿಟ್ಟಿದ್ದೆ. ಅಜ್ಜಿ ಮಧ್ಯಾಹ್ನ ಮಲಗಿದಾಗ ಅಲ್ಲಿ ಹೋಗಿ ಕೂಡುತ್ತಿದ್ದೆ. ಬೆರಳಿಗೆ ಉಗುಳು ಹಚ್ಚಿಕೊಂಡು ಆ ಕೈಯನ್ನು ತಿಕ್ಕುತ್ತಿದ್ದೆ. ಕೈ ಪೋಟೋದಿಂದ ಹೊರಗೆ ಬಂದರೆ ಅವ್ವ ಬರುತ್ತಾಳೆ ಎಂದು ನಂಬಿದ್ದೆ. ದಿನಾ ಸ್ವಲ್ಪ ಸ್ವಲ್ಪ. ಕಿರುಬೆರಳು ಹೋಯಿತು. ಅದರ ಪಕ್ಕದ್ದೂ ಅಳಿಸುತ್ತ ಬಂದಿತ್ತು.

ಒಂದು ದಿನ ಅಪ್ಪ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದರು. ನನ್ನನ್ನು ಹುಡುಕಿಕೊಂಡು ಗುಡಾಣದ ಕೋಣೆಗೆ ಬಂದು, ಬಗ್ಗಿ ನೋಡಿದರು.

“ಗಂಗಾ, ಏನು ಮಾಡಾಕ್ಹತ್ತೀ ಇಲ್ಲಿ?”

“ಅವ್ವನ ಕೈ ಬಿಡಸಾಕ್ಹತ್ತೀನಿ.”

ಅವರಿಗೆ ತಿಳಿಯಲಿಲ್ಲ. ಪೋಟೋ ಕೈಗೆ ತೆಗೆದುಕೊಂಡರು. ಅಳಿಸಿದ ಬೆರಳು ನೋಡಿದರು. ಹೊಡೆಯುತ್ತಾರೆ ಅಂದುಕೊಂಡೆ. ಅವರು ಹೊಡೆಯಲಿಲ್ಲ. ಜೋಳದ ದೂಳಿನ ನೆಲದ ಮೇಲೆ, ಬಿಳಿ ಧೋತರ ಉಟ್ಟವರು, ನನ್ನ ಎದುರಿಗೆ ಕೂತುಬಿಟ್ಟರು.

“ಯಾಕವ್ವ?”

ನಾನು ಎಲ್ಲ ಹೇಳಿದೆ. ನಾನು ಅತ್ತದ್ದು, ಅವ್ವ ಹಿಡಿದದ್ದು, ಅಜ್ಜಿ ಅಂದದ್ದು. ಹೇಳಿ ಕೇಳಿದೆ. “ನಾನು ಅಳದಿದ್ರ ಅವ್ವ ಇರ್ತಿದ್ಳು, ಹೌದಲ್ಲಪ್ಪಾ?”

ಅಪ್ಪ ಪಡಸಾಲೆಯ ಕಡೆ ಕೈ ತೋರಿಸಿದರು. “ಆ ಗೋಡಿ ಮ್ಯಾಲಿನ ಅಜ್ಜನ ಪೋಟೋ ಯಾರು ತೆಗೆಸಿದ್ದು, ಗೊತ್ತೇನು? ನಾನು. ನನಗಾಗ ಹದಿನೇಳು. ಅವರು ಒಲ್ಲೆ ಅಂದ್ರು. ನಾನು ಹಟ ಮಾಡಿ ಬಳ್ಳಾರಿಗೆ ಕರಕೊಂಡು ಹೋಗಿ ಕೂಡ್ಸಿದೆ. ಮೂರು ತಿಂಗಳಿಗೆ ಹೋದ್ರು.”

“ಪೋಟೋದಿಂದ ಹೋದ್ರೇನು?”

“ಇಲ್ಲವ್ವ. ಅವರಿಗೆ ಎದಿನೋವು ಇತ್ತು. ವೈದ್ಯರು ಮುಂಚೇನ ಹೇಳಿದ್ರು. ನನಗ ಗೊತ್ತಿತ್ತು. ಗೊತ್ತಿದ್ರೂ ಹೊಟ್ಯಾಗ ಅದೊಂದು ಉಳದುಬಿಟ್ಟಿತ್ತು, ನಾನೇ ಕೊಂದೆ ಅಂತ. ಇಷ್ಟು ವರ್ಷ ಯಾರ ಮುಂದೂ ಬಾಯಿ ಬಿಟ್ಟಿಲ್ಲ.”

ಪೋಟೋವನ್ನು ಧೋತರದ ಚುಂಗಿನಿಂದ ಒರೆಸುತ್ತ ಹೇಳಿದರು.

“ಅವತ್ತು ನಾನು ಬಂದಿದ್ದೆ, ಗಂಗಾ. ಬಂಡಿ ಗಿಂಡಿ ಏನೂ ಇರಲಿಲ್ಲ. ಆ ಅಂಗಡಿ ಮುಂದಿನ ಬೇವಿನ ಗಿಡದ ತನಕ ಬಂದಿದ್ದೆ. ನಿಮ್ಮವ್ವ ಬಾಗಿಲಾಗ ನಿಂತು ನನ್ನ ದಾರಿ ನೋಡ್ತಿದ್ಳು. ಹಸಿರು ಸೀರಿ ಉಟ್ಟಿದ್ಳು. ನೋಡಿದೆ. ಕಾಲು ಮುಂದಕ್ಕ ಬರಲಿಲ್ಲ. ಆಕಿಗೆ ಏನರ ಆದ್ರ ಅಂತ ಅಂಜಿಕಿ ಬಂತು. ತಿರುಗಿ ಹೋಗಿಬಿಟ್ಟೆ.”

“ಅವ್ವಗ ಹೇಳಿದ್ರೇನು?”

“ಇಲ್ಲ.”

ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವ್ವನನ್ನು ಕೂರಿಸಿದ ದಿನವೂ ಅವರು ಅತ್ತಿರಲಿಲ್ಲ. ನನಗೆ ಏನು ಮಾಡಬೇಕೋ ತಿಳಿಯದೆ ಅವರ ಮೊಣಕಾಲು ಹಿಡಿದುಕೊಂಡು ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಅವರು ಎದ್ದರು. ಮುಖ ತೊಳೆದುಕೊಂಡರು. ರುಮಾಲು ಸುತ್ತಿದರು. ಅಜ್ಜಿ ಎಚ್ಚರಾಗಿ ಬಂದು, “ಎಲ್ಲಿಗೆ ಹೊಂಟೀ?” ಅಂದಳು.

“ಗಂಗಾನ್ನ ಕರಕೊಂಡು ಪೋಟೋ ತೆಗೆಸಾಕ.”

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. “ನನಗ ನೀನೊಬ್ಬನೇ ಅದೀ ವೀರಾ. ಗಂಡನ್ನ ಕಳಕೊಂಡೆ, ಸೊಸಿನ್ನ ಕಳಕೊಂಡೆ. ನಿನ್ನ ಕಾಲಿಗೆ ಬೀಳ್ತೀನಿ, ಬ್ಯಾಡ.”

“ಅವ್ವಾ, ಕೂಸು ಊಟ ಬಿಟ್ಟೈತಿ. ತಾನೇ ತಾಯಿನ್ನ ಕೊಂದೆ ಅಂತ ತಿಳಕೊಂಡೈತಿ. ನಾನು ಪೋಟೋ ತೆಗೆಸಿಕೊಂಡು ಬದುಕಿ ತೋರಸಬೇಕು ಅದಕ್ಕ. ಮಾತಿಂದ ಕೇಳಾಂಗಿಲ್ಲ ಅದು. ನನಗ ಗೊತ್ತೈತಿ.”

ಅಜ್ಜಿ ನನ್ನನ್ನು ನೋಡಿದಳು. ತನ್ನ ಮಾತು ನನಗೆ ಏನು ಮಾಡಿತ್ತೆಂದು ಅವಳಿಗೆ ಆ ಕ್ಷಣದಲ್ಲಿ ತಿಳಿಯಿತೆಂದು ಕಾಣುತ್ತದೆ. ಒಳಗೆ ಹೋಗಿ ವಿಭೂತಿ ತಂದು, ಮೊದಲು ಅಪ್ಪನ ಹಣೆಗೆ, ಆಮೇಲೆ ನನ್ನ ಹಣೆಗೆ ಹಚ್ಚಿ, ಪಕ್ಕಕ್ಕೆ ಸರಿದಳು.

ಸಾಹೇಬರು ನಮ್ಮನ್ನು ಕಂಡ ಕೂಡಲೇ ಎದ್ದು ನಿಂತರು. “ನಾನು ಊರಾಗ ಇರಲಿಲ್ಲಪ್ಪ,” ಎಂದು ಅಪ್ಪನ ಕೈ ಹಿಡಿದುಕೊಂಡರು. ಅಪ್ಪ ಕೇಳಿದರು, “ಅವತ್ತು ಪೋಟೋ ಹಿಡಿದ ಗಾಜು ಐತೇನ್ರಿ? ಕೂಸಿನದು. ಇನ್ನೊಂದು ಪ್ರತಿ ಮಾಡಿ ಕೊಡ್ರಿ.” ಸಾಹೇಬರು ಒಳಗೆ ಹೋಗಿ ಪೆಟ್ಟಿಗೆಗಳನ್ನೆಲ್ಲ ಎಳೆದಾಡಿ, ಬರಿಗೈಯಲ್ಲಿ ಹೊರಗೆ ಬಂದರು. “ತೊಳೆದು ಬ್ಯಾರೆ ಕೆಲಸಕ್ಕ ಬಳಸಿಬಿಟ್ಟೀನಿ. ಕೂಸು ಅತ್ತ ಪೋಟೋ, ಯಾರು ಮತ್ತ ಕೇಳ್ತಾರ ಅಂದ್ಕೊಂಡೆ. ಮಾಫ್ ಮಾಡ್ರಿ.”

ಅಪ್ಪ ಕುರ್ಚಿಯಲ್ಲಿ ಕೂತರು, ನಾನು ಪಕ್ಕದಲ್ಲಿ ನಿಂತೆ. ಈ ಸಲ ನಾನು ಅಳಲಿಲ್ಲ. ಅದೇ ಪೋಟೋ ಈಗ ನನ್ನ ಮುಂದಿದೆ. ಅಪ್ಪ ಎದೆ ಸೆಟೆಸಿ ಕೂತಿದ್ದಾರೆ, ಆದರೆ ಕಣ್ಣು ಕೆಂಪಾಗಿದ್ದದ್ದು ಕಪ್ಪು ಬಿಳುಪಿನಲ್ಲೂ ನನಗೆ ತಿಳಿಯುತ್ತದೆ. ನನ್ನ ಕೈ ಅವರ ತೋಳಿನ ಮೇಲಿದೆ. ಹಿಡಿದವಳು ನಾನು.

ಮನೆಗೆ ಮರಳಿದಾಗ ಅಜ್ಜಿ ಹೊಸ್ತಿಲ ಮೇಲೆ ಕೂತಿದ್ದಳು. ಹೊಸ್ತಿಲ ಮೇಲೆ ಕೂತರೆ ನಮ್ಮನ್ನು ಬೈಯುತ್ತಿದ್ದವಳು ಒಳಗೆ ಹೋಗಲಾರದೆ ಅಲ್ಲೇ ಕೂತಿದ್ದಳು. ಆ ದಿನ ಅವಳೇ ನನಗೆ ಬಿಸಿ ರೊಟ್ಟಿ ಮುರಿದು ತುಪ್ಪ ಹಾಕಿ ತಿನ್ನಿಸಿದಳು. ನಾನು ಒಂದೂವರೆ ರೊಟ್ಟಿ ತಿಂದೆನಂತೆ. ಅವಳು ಸಾಯುವ ತನಕ ಅದನ್ನು ಹೇಳುತ್ತಿದ್ದಳು.

ಮುಂದೆ ಮೂರು ತಿಂಗಳು ನಾನು ಅಪ್ಪನನ್ನು ಕಾಯ್ದೆ. ಸಂಜೆಯ ಕೂಗು ಆದ ಮೇಲೆ ಕಟ್ಟೆಗೆ ಬಂದು ಕೂಡುತ್ತಿದ್ದೆ. ಅಪ್ಪ ಓಣಿಯ ತುದಿಯಲ್ಲಿ ಕಂಡ ಕೂಡಲೇ ಕೈ ಎತ್ತಿ, “ಬಂದೀನಿ ನೋಡವ್ವ,” ಎಂದು ಕೂಗುತ್ತಿದ್ದರು. ಓಣಿಯವರೆಲ್ಲ ನೋಡುತ್ತಿದ್ದರು. ಮಾತೇ ಆಡದ ಮನುಷ್ಯ ಹೀಗೆ ಕೂಗುವುದು ಅವರಿಗೆ ಸೋಜಿಗ. ಮೂರು ತಿಂಗಳು ಕಳೆದು, ವರ್ಷ ಕಳೆದು, ನಾನು ಕಾಯುವುದನ್ನು ಬಿಟ್ಟೆ. ಅವರು ಕೂಗುವುದನ್ನು ಬಿಡಲಿಲ್ಲ. ನಾನು ಮದುವೆಯಾಗಿ ಹೋಗುವ ತನಕವೂ ಕೂಗಿದರು.

ಮರುಮದುವೆಗೆ ಅಜ್ಜಿ, ನೆಂಟರು, ಜಿನ್ನಿನ ಧಣಿಗಳು ಎಲ್ಲರೂ ಒತ್ತಾಯ ಮಾಡಿದರು. ಅಪ್ಪ ಒಪ್ಪಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಕೊನೆಗಾಲದಲ್ಲಿ, ನನಗೆ ನಲವತ್ತು ದಾಟಿದ ಮೇಲೆ, ಅವರನ್ನು ನನ್ನ ಮನೆಗೇ ಕರೆತಂದಿದ್ದೆ. ಒಂದು ಮಧ್ಯಾಹ್ನ ಎರಡು ಪೋಟೋವನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. “ಹತ್ತು ಹೆಜ್ಜಿ ಇತ್ತು, ಗಂಗಾ,” ಅಂದರು. “ಆ ಗಿಡದಿಂದ ಬಾಗಿಲಿಗೆ ಹತ್ತು ಹೆಜ್ಜಿ ಇರಲಿಲ್ಲ.” ಅವರಿಗೆ ಮಜ್ಜಿಗೆ ತಂದುಕೊಟ್ಟೆ. ಆ ಮಳೆಗಾಲದಲ್ಲಿ ಅವರು ಹೋದರು.

ಅಪ್ಪ ಹೋದ ಮೇಲೆ ನನಗೊಂದು ಹೆದರಿಕೆ ಶುರುವಾಯಿತು. ಅವ್ವ ಹೇಗಿದ್ದಳು ಎಂದು ಕೇಳಲು ಅಪ್ಪ ಇದ್ದಾರಲ್ಲ ಎಂಬ ಧೈರ್ಯದಲ್ಲಿ ನಾನು ಒಮ್ಮೆಯೂ ಅವರನ್ನು ಸರಿಯಾಗಿ ಕೇಳಿರಲಿಲ್ಲ. ಅವರಿಗೆ ನೋವಾಗುತ್ತದೆ ಎಂದೂ ಸುಮ್ಮನಿದ್ದೆ. ಮಕ್ಕಳು, ಮನೆ ಎಂದು ಮತ್ತೆ ಹಲವು ವರ್ಷ ಹೋದವು. ಕೊನೆಗೆ ಚಿಪ್ಪಗಿರಿಗೆ ಹೋದೆ. ಚೆನ್ನಪ್ಪಮಾವ ಆಗ ಎಂಬತ್ತು ದಾಟಿದ್ದರು, ಕಣ್ಣು ಮಂಜಾಗಿತ್ತು. ಬೇವಿನ ನೆರಳಲ್ಲಿ ಮಂಚದ ಮೇಲೆ ಕೂತಿದ್ದರು. ನನ್ನ ಮುಖವನ್ನು ಕೈಯಿಂದ ತಡವಿ, “ಬಂದ್ಯೇನವ್ವ,” ಅಂದರು.

“ಮಾವ, ನಮ್ಮವ್ವ ನೋಡಾಕ ಹೆಂಗಿದ್ಳು?”

ಅವರು ಕಣ್ಣು ಮುಚ್ಚಿಕೊಂಡರು. “ಕೆಂಪಗಿದ್ಳು... ಇಲ್ಲ, ಕೆಂಪಗಿದ್ದಾಕಿ ನಮ್ಮ ದೊಡ್ಡಕ್ಕ. ನಿಮ್ಮವ್ವ ಕಪ್ಪು. ಜೋರಾಗಿ ನಡೀತಿದ್ಳು. ನನ್ನ ಹೊತ್ಕೊಂಡು ಹೊಲಕ್ಕ ಹೋಗ್ತಿದ್ಳು. ಮೂಗುತಿ ಇತ್ತು, ಬಿಳಿ ಹರಳಿಂದು.” ತಲೆ ಅಲ್ಲಾಡಿಸಿದರು. “ಮೂಗುತಿ ನೆನಪೈತಿ. ಮೂಗು ನೆನಪಿಲ್ಲವ್ವ. ಮಾರಿ ಸಿಗವಲ್ದು.”

ಸಿಗಲಿಲ್ಲವೆಂದು ಅವರಿಗೂ ಅಳು ಬಂತು. ಇಬ್ಬರೂ ಅತ್ತೆವು. ಅವರ ಸೊಸೆ ಬಂದು ಚಹಾ ಇಟ್ಟು, ಏನಾಯಿತೆಂದು ತಿಳಿಯದೆ ನಿಂತಳು.

ಮಾವ ಹೋಗಿ ಎಷ್ಟೋ ವರ್ಷಗಳಾದವು. ಅವ್ವನ ಗೆಳತಿ ಹೋದಳು, ಎದುರು ಮನೆಯ ಮುದುಕಿ ಎಂದೋ ಹೋದಳು, ಅವ್ವನ ಜೊತೆ ಬಾವಿಗೆ ಬರುತ್ತಿದ್ದವರು ಒಬ್ಬರೂ ಇಲ್ಲ. ಅವ್ವನನ್ನು ಕಣ್ಣಾರೆ ಕಂಡವರಲ್ಲಿ ಈ ಭೂಮಿಯ ಮೇಲೆ ಈಗ ಉಳಿದಿರುವವಳು ನಾನೊಬ್ಬಳೇ. ನನಗೂ ಅವಳ ಮುಖ ನೆನಪಿಲ್ಲ.